ಹನ್ನೊಂದನೆಯ ಪುಟ

"ನೀನು ಮನುಷ್ಯನಾ? ನನ್ನ ಗುರುವನ್ನು ರಬ್ಬರಿನಲ್ಲಿ ಉಜ್ಜಿ ಕಸದ ಬುಟ್ಟಿಗೆ ಹಾಕಿದ್ದೀಯ!"

"ನಾಲಿಗೆ ಬಿಗಿಹಿಡಿದು ಮಾತಾಡಿ ಮಾಸ್ಟ್ರೋ. ಆ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಅಳಿಸು ಅಂದವರು ಯಾರು? ನಾನಾ, ನೀವಾ?"

"ಬಾಡಿಗೆ ಪುಸ್ತಕ ಅಳಿಸು ಅಂದೆ! ಬಾಡಿಗೆಯದ್ದು!"

"ನಿಮ್ಮ ಸ್ವಂತದ್ದನ್ನು ಅದರೊಳಗೆ ತುರುಕಿದವರು ನೀವು. ಯಾವುದು ಯಾರದ್ದು ಅಂತ ಹಣೆಬರಹ ನೋಡಿ ಅಳಿಸಲಿಕ್ಕೆ ನಾನೇನು ಬ್ರಹ್ಮನಾ?"

ಜಗಳ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಒಬ್ಬನದು ರಷ್ಯದ ಇಂಗ್ಲಿಷು, ಇನ್ನೊಬ್ಬನದು ಪುತ್ತೂರಿನ ಇಂಗ್ಲಿಷು. ಸಿಟ್ಟು ಏರಿದ ಹಾಗೆ ಎರಡೂ ಕುಂಟತೊಡಗಿದವು. ಸಿಡ್ನಿಯ ಲಿವರ್‌ಪೂಲಿನಲ್ಲಿ ಬಾಡಿಗೆಗೆ ಹಿಡಿದ ಸಭಾಭವನದ ಹಿಂದಿನ ಕೋಣೆ. ಭಾನುವಾರ ಬೆಳಿಗ್ಗೆ ಹತ್ತೂಕಾಲು. ಸಂಜೆ ನಾಲ್ಕಕ್ಕೆ ಕಛೇರಿ. ವಾದಿಂ ಜಿಮಿನ್ ಎಂಬ ಐವತ್ತೆಂಟು ವರ್ಷದ ಆರ್ಕೆಸ್ಟ್ರಾ ಕಂಡಕ್ಟರು ಎಲ್ಲ ವಾದ್ಯಗಳ ಸ್ವರ ಒಟ್ಟಿಗೆ ಅಚ್ಚಾದ ತನ್ನ ದಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ತೆರೆದು ಹಿಡಿದು ನಿಂತಿದ್ದ. ಅವನ ಗಡ್ಡ ನಡುಗುತ್ತಿತ್ತು. ಎದುರಿಗೆ ನಿಂತಿದ್ದ ಪುತ್ತೂರಿನ ಸೇಸಪ್ಪ ಈ ಗಡ್ಡ ನಡುಗುವುದನ್ನು ಈವರೆಗೆ ನೋಡಿರಲಿಲ್ಲ. ನೋಡಿದರೆ ಖುಷಿಯಾಗುತ್ತದೆ ಅಂದುಕೊಂಡಿದ್ದ. ಖುಷಿ ಬರಲಿಲ್ಲ. ಪುಟಗಳು ಶುದ್ಧವಾಗಿದ್ದವು. ಅಚ್ಚಾದ ಸ್ವರಗಳ ಸುತ್ತ ಬಿಳಿ ಬಿಳಿ ಜಾಗ. ತಾನೇ ಮಾಡಿದ ಕೆಲಸ, ಎಷ್ಟು ಚಂದ ಮಾಡಿದ್ದೇನೆ ಎಂಬ ಯೋಚನೆ ನಾಚಿಕೆಯಿಲ್ಲದೆ ಬಂದು ಹೋಯಿತು. ಬಾಗಿಲಲ್ಲಿ ಮಗಳು ತೃಷಾ ವಯೊಲಿನ್ ಹಿಡಿದು ನಿಂತಿದ್ದಳು. ಹದಿನೇಳು ವರ್ಷ, ಎರಡನೆಯ ವಯೊಲಿನ್ನುಗಳ ಕಟ್ಟಕಡೆಯ ಕುರ್ಚಿ. "ಅಪ್ಪಾ, ಜಸ್ಟ್ ಸೇ ಸಾರಿ," ಅಂದಳು. "ನೀನು ಒಳಗೆ ಹೋಗು," ಎಂದು ಸೇಸಪ್ಪ ಗದರಿದ. ಅವಳು ಹೋಗಲಿಲ್ಲ. ಕಂಡಕ್ಟರೇ ಹೋದ, ಪುಸ್ತಕವನ್ನು ಸತ್ತ ಕೋಳಿಯನ್ನು ಹಿಡಿದ ಹಾಗೆ ಹಿಡಿದುಕೊಂಡು, ಅರವತ್ತು ಮಂದಿ ಕಾದು ಕೂತಿದ್ದ ವೇದಿಕೆಗೆ.

ಅರವತ್ತು ಮಂದಿ ಅಂದರೆ ಮಹಾ ವಿದ್ವಾಂಸರೇನಲ್ಲ. ಮೆಲ್ಬರ್ನಿನ ಹಲ್ಲಿನ ಡಾಕ್ಟರು, ಶಾಲೆಯ ಮೇಡಮ್ಮುಗಳು, ಡಾಕ್‌ಲ್ಯಾಂಡ್ಸಿನ ಬ್ಯಾಂಕುಗಳಲ್ಲಿ ವಾರವಿಡೀ ಕೂತು ಬೆನ್ನು ಹಿಡಿದುಕೊಂಡವರು. ಬುಧವಾರ ಸಂಜೆ ಟ್ರಾಮಿನಿಂದ ಇಳಿದು ಬಂದು ಎರಡು ತಾಸು ಕುಯ್ಯುತ್ತಾರೆ, ಬಿಸ್ಕಿಟು ತಿನ್ನುತ್ತಾರೆ, ಒಬ್ಬರನ್ನೊಬ್ಬರು ಮಾರ್ವಲಸ್ ಅಂದುಕೊಂಡು ಮನೆಗೆ ಹೋಗುತ್ತಾರೆ. ಅವರಿಗೆ ಕುರ್ಚಿ ಹಾಕುವವನು, ಸ್ಟ್ಯಾಂಡು ಹೊರುವವನು, ಹಾಳೆ ಹಂಚುವವನು ಸೇಸಪ್ಪ. ಇದಕ್ಕೆ ಲೈಬ್ರೇರಿಯನ್ ಎಂಬ ಹೆಸರು. ಮಗಳನ್ನು ಬುಧವಾರ ಕರೆತಂದು ಹೊರಗೆ ಕಾರಿನಲ್ಲಿ ಕೂತಿರುತ್ತಿದ್ದವನನ್ನು ನಾಲ್ಕು ವರ್ಷದ ಹಿಂದೆ ಒಳಗೆ ಕರೆದು ಕೊಟ್ಟ ಕೆಲಸ. ನುಡಿಸುವ ಹಾಳೆಗಳು ಬಾಡಿಗೆಗೆ ಬರುತ್ತವೆ. ಇಲ್ಲಿ ಬಿಲ್ಲು ಮೇಲಕ್ಕೆ, ಇಲ್ಲಿ ಕೆಳಕ್ಕೆ, ಇಲ್ಲಿ ಉಸಿರು ಎಂದು ಅವರವರು ಪೆನ್ಸಿಲಿನಲ್ಲಿ ಗೀಚಿಕೊಳ್ಳುತ್ತಾರೆ. ತಲೆ ಎತ್ತಿ ಕಂಡಕ್ಟರನ್ನು ನೋಡಬೇಕಾದ ಕಡೆ ಒಂದು ಕನ್ನಡಕದ ಚಿತ್ರ ಬರೆದುಕೊಳ್ಳುತ್ತಾರೆ, ಮಕ್ಕಳಾಟ. ಕಛೇರಿ ಮುಗಿದ ಮೇಲೆ ಒಂದು ಗೆರೆಯೂ ಉಳಿಯದ ಹಾಗೆ ಅಳಿಸಿ ವಾಪಸು ಕಳಿಸಬೇಕು. ಅಳಿಸುವ ಕೈ ಸೇಸಪ್ಪನದು ಪಳಗಿದ ಕೈ. ಶಾಲೆಯ ಬೇಲಿಯಂಚಿನ ನೀರುಕಡ್ಡಿ ಮುರಿದು ಸ್ಲೇಟು ಉಜ್ಜಿದ್ದು ಮೊದಲನೆಯದು. ಆಮೇಲೆ ಪುತ್ತೂರಿನ ಪ್ರೆಸ್ಸಿನಲ್ಲಿ ಹದಿನೆಂಟು ವರ್ಷ ಅಚ್ಚುಮೊಳೆ ಜೋಡಿಸಿದ, ಉಲ್ಟಾ ಅಕ್ಷರ ಓದಿದ, ಮದುವೆ ಕಾಗದ, ಬಲಿಪಾಡ್ಯದ ಕರೆಯೋಲೆ, ಸೊಸೈಟಿಯ ವರದಿ. ಕಂಪ್ಯೂಟರು ಬಂತು, ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ಕೊಂಡುಹೋದರು, ಹೆಂಡತಿಯ ನರ್ಸ್ ಕೆಲಸದ ಬಾಲ ಹಿಡಿದು ಇವನು ಮೆಲ್ಬರ್ನಿನ ಅಂಚಿನ ಕ್ರೇಗಿಬರ್ನಿಗೆ ಬಂದ.

ವೇದಿಕೆಯಿಂದ ಸಿಂಫನಿ ಶುರುವಾಯಿತು. ಸೇಸಪ್ಪ ಪರದೆಯ ಮರೆಯಲ್ಲಿ ನಿಂತು ನೋಡಿದ. ಜಿಮಿನ್ ಕೋಲು ಎತ್ತಿದ, ಇಳಿಸಿದ. ಒಂದು ಎರಡು ಮೂರು ನಾಲ್ಕು. ಮತ್ತೆ ಒಂದು ಎರಡು ಮೂರು ನಾಲ್ಕು. ಚೌಕದಲ್ಲಿ ನಿಂತ ಪೊಲೀಸಿನ ಹಾಗೆ. ಕಳೆದ ತಿಂಗಳು ಮೆಲ್ಬರ್ನಿನ ಅಭ್ಯಾಸದಲ್ಲಿ ಇದೇ ಜಾಗದಲ್ಲಿ ಇವನ ಎಡಗೈ ತಟ್ಟನೆ ನಿಲ್ಲುತ್ತಿತ್ತು, ಅರವತ್ತು ಮಂದಿಯ ಉಸಿರು ಅದರೊಂದಿಗೆ ನಿಲ್ಲುತ್ತಿತ್ತು, ಕುರ್ಚಿ ಹೊರುವವನ ಬೆನ್ನು ಕೂಡ ಒಂದು ಕ್ಷಣ ಜುಮ್ ಎನ್ನುತ್ತಿತ್ತು. ಈಗ ಎಡಗೈ ಏಳುತ್ತದೆ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕೋಟಿನ ಗುಂಡಿ ಮುಟ್ಟಿ ಕೆಳಗಿಳಿಯುತ್ತದೆ. ಕಣ್ಣು ಪುಟದಿಂದ ಪುಟಕ್ಕೆ ಕಳೆದುಹೋದದ್ದನ್ನು ಹುಡುಕುತ್ತದೆ. ಮೂರು ಸಲ ನಿಲ್ಲಿಸಿದ. ಮೂರನೆಯ ಸಲ ಮುಂದಿನ ಕುರ್ಚಿಯ ಮಾರ್ಗರೆಟ್, ವಯೊಲಿನ್ನುಗಳ ಯಜಮಾನಿ, ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಇಬ್ಬರೂ ಪುಸ್ತಕದ ಮರೆಗೆ ಬಗ್ಗಿದರು. ಓಹೋ, ಇಷ್ಟೇನಾ ನಿನ್ನ ವಿದ್ಯೆ, ಎಂದು ಸೇಸಪ್ಪನ ಮನಸ್ಸು ಕುಣಿಯಿತು. ನೀನೂ ಮೊಳೆ ಜೋಡಿಸುವವನೇ. ಯಾರೋ ಬರೆದುಕೊಟ್ಟದ್ದನ್ನು ನೋಡಿ ನೋಡಿ ಜೋಡಿಸುವವನು. ಕರಡು ಕಳೆದರೆ ಕೈ ಖಾಲಿ. ಇಷ್ಟಕ್ಕೆ ಮಾಸ್ಟ್ರೋ, ಇಷ್ಟಕ್ಕೆ ಉದ್ದ ಬಾಲದ ಕೋಟು.

ಆದರೆ ಸಂಜೆ ನಾಲ್ಕಕ್ಕೆ ಒಬ್ಬ ಮನುಷ್ಯ ಬರುವವನಿದ್ದ. ಸಂಬಳ ಕೊಡುವ ದೊಡ್ಡ ಆರ್ಕೆಸ್ಟ್ರಾದವನು, ಸಹಾಯಕ ಕಂಡಕ್ಟರನ್ನು ಹುಡುಕುತ್ತಿದ್ದವನು. ಐವತ್ತೆಂಟನೆಯ ವಯಸ್ಸಿಗೆ ಜಿಮಿನ್ನನನ್ನು ನೋಡಲು ಬರುತ್ತಿದ್ದ ಮೊದಲನೆಯವನು. ಇನ್ನೊಬ್ಬ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಇದಕ್ಕಾಗಿಯೇ ಅರವತ್ತು ಮಂದಿಯನ್ನು ಕಾಡಿ ಬೇಡಿ ಸಿಡ್ನಿಗೆ ಹೊರಡಿಸಿದ್ದ. ಅವರೆಲ್ಲ ವಿಮಾನದಲ್ಲಿ ಬಂದರು. ಸ್ಟ್ಯಾಂಡು, ಡ್ರಮ್ಮು, ಹಾಳೆಯ ಪೆಟ್ಟಿಗೆ ತುಂಬಿದ ವ್ಯಾನನ್ನು ಸೇಸಪ್ಪ ಓಡಿಸಿದ. "ನಾನು ನಿನ್ನ ಜೊತೆ ಬರುತ್ತೇನೆ, ನೀನು ನಿದ್ದೆ ಮಾಡಿದರೆ ನನ್ನ ಡ್ರಮ್ಮು ಹಾಳಾಗುತ್ತದೆ," ಎಂದು ಜಿಮಿನ್ ಮುಂದಿನ ಸೀಟಿನಲ್ಲಿ ಕೂತ. ಹತ್ತು ತಾಸಿನ ದಾರಿ. ಹಿಂದಿನ ಪೆಟ್ಟಿಗೆಯಲ್ಲಿ ಬೋಳಿಸಿದ ಪುಸ್ತಕ. ಪ್ರತಿ ಉಬ್ಬಿಗೆ ಪೆಟ್ಟಿಗೆ ಕಟಕ್ ಅನ್ನುತ್ತಿತ್ತು, ಪ್ರತಿ ಕಟಕ್‌ಗೆ ಸೇಸಪ್ಪನ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು. "ಏನು, ಕಾಂಗರೂನಾ?" ಅಂದ ಜಿಮಿನ್. "ಹೌದು, ಕಾಂಗರೂ." ಹೊರಗೆ ಒಣಹುಲ್ಲಿನ ಬಯಲು ಬಿಟ್ಟು ಏನೂ ಇರಲಿಲ್ಲ. ಈ ಮನುಷ್ಯ ಯಾವಾಗ ಪುಸ್ತಕ ಕೇಳುತ್ತಾನೋ ಎಂದು ವಾರದಿಂದ ಕಾದಿದ್ದ. ಕೇಳಲಿಲ್ಲ. ಕಛೇರಿಗೆ ಮುಂಚಿನ ಒಂದು ವಾರ ಪುಸ್ತಕ ತೆರೆಯಬಾರದು ಎಂಬುದು ಅವನ ಗುರುವಿನ ಕಟ್ಟಳೆಯಂತೆ. ಬಸುರಿಯ ಹೊಟ್ಟೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಬಾರದಂತೆ.

ಆಲ್ಬರಿ ದಾಟಿದ ಮೇಲೆ ಮೊಟ್ಟೆಯ ಡಬ್ಬಿ ತೆರೆದ. ಬೆಂದ ಮೊಟ್ಟೆ, ಕಪ್ಪು ಬ್ರೆಡ್ಡು, ಕಾಗದದ ಚೂರಿನಲ್ಲಿ ಉಪ್ಪು. ಮೊದಲು ಒಂದನ್ನು ಸುಲಿದು, ಉಪ್ಪು ಒತ್ತಿ, ಸ್ಟೇರಿಂಗು ಹಿಡಿದವನ ಬಾಯಿಯ ಹತ್ತಿರ ತಂದ. ಬೇಡ ಅನ್ನಲಿಕ್ಕೆ ಬಾಯಿ ತೆರೆದರೆ ಮೊಟ್ಟೆ ಒಳಗೆ ಹೋಯಿತು. ಆಮೇಲೆ ತನ್ನ ಪುರಾಣ ಶುರುಮಾಡಿದ. ಲೆನಿನ್‌ಗ್ರಾಡಿನಲ್ಲಿ ಹತ್ತೊಂಬತ್ತರ ಹುಡುಗ, ಗುರು ಲೆವ್ ಮಾರ್ಕೊವಿಚ್. ಮೊದಲ ವರ್ಷ ಪೂರ್ತಿ ಕನ್ನಡಿಯ ಮುಂದೆ ನಿಂತು ಬಲಗೈ ಮಾತ್ರ ಆಡಿಸುವುದು. ಎಡಗೈಯನ್ನು ಬೆಲ್ಟಿಗೆ ಕಟ್ಟುತ್ತಿದ್ದನಂತೆ. ಎರಡನೆಯ ವರ್ಷ ಆರ್ಕೆಸ್ಟ್ರಾದ ಬದಲು ಎರಡು ಪಿಯಾನೋ. ಮೂರನೆಯ ವರ್ಷ ಒಂದು ಮಾತೂ ಆಡಬಾರದು, ಬೇಕಾದ್ದೆಲ್ಲ ಕೈಯಲ್ಲೇ ಹೇಳಬೇಕು. ಬಾಯಿ ತೆರೆದರೆ ಮಣಿಕಟ್ಟಿಗೆ ಪೆನ್ಸಿಲಿನ ಏಟು. ಐದನೆಯ ವರ್ಷದ ಕೊನೆಗೆ ನಿಜವಾದ ಆರ್ಕೆಸ್ಟ್ರಾ, ಇಪ್ಪತ್ತು ನಿಮಿಷ. "ಇಪ್ಪತ್ತು ನಿಮಿಷ, ಸೇಸಪ್ಪ! ನೀನು ನಂಬುವುದಿಲ್ಲ, ನಾನು ಅತ್ತೆ." ನಂಬದೆ ಏನು, ಎಂದುಕೊಂಡ ಸೇಸಪ್ಪ, ಒಂದು ಸದ್ದೂ ಮಾಡದ ವಿದ್ಯೆಗೆ ಐದು ವರ್ಷ ಕಳೆದವನು ಅಳದೆ ಇನ್ನೇನು ಮಾಡುತ್ತಾನೆ. ಗುರು ಸಾಯುವಾಗ ತನ್ನ ಸ್ವಂತ ಪುಸ್ತಕವನ್ನು ಕೊಟ್ಟನಂತೆ, ಮೂವತ್ತು ವರ್ಷದ ಪೆನ್ಸಿಲು ಗುರುತುಗಳ ಸಮೇತ. ಅದನ್ನೇ ಹೊತ್ತುಕೊಂಡು ಸೈಬೀರಿಯದ ಒಂದು ಊರಿಗೆ ಹೋದ, ಉಪಕಂಡಕ್ಟರಾಗಿ. ಹದಿನಾಲ್ಕು ವರ್ಷ ಯಾರಿಗೋ ಜ್ವರ ಬರಲಿ ಎಂದು ಕಾದ. ದೊಡ್ಡವನಿಗೆ ಜ್ವರ ಬರಲಿಲ್ಲ, ದೇಶಕ್ಕೆ ಬಂತು. ಸಂಬಳದ ಬದಲು ಸಾಸೇಜು ಕೊಟ್ಟರು, ಆಮೇಲೆ ಗ್ಯಾಲೋಶು ಎಂಬ ರಬ್ಬರ್ ಬೂಟು, ಆಮೇಲೆ ಅದೂ ಇಲ್ಲ. ತೊಂಬತ್ನಾಲ್ಕರಲ್ಲಿ ಮೆಲ್ಬರ್ನು: ಟ್ಯಾಕ್ಸಿ, ಮಕ್ಕಳಿಗೆ ಪಿಯಾನೋ ಪಾಠ, ಹಲ್ಲಿನ ಡಾಕ್ಟರುಗಳ ಆರ್ಕೆಸ್ಟ್ರಾ.

"ತೊಂಬತ್ತನಾಲ್ಕನೆಯ ಪುಟದಲ್ಲಿ," ಅಂದ ಜಿಮಿನ್, ಎರಡನೆಯ ಮೊಟ್ಟೆ ಸುಲಿಯುತ್ತ, "ಎಲ್ಲರೂ ಸುಮ್ಮನಾಗುವ ಒಂದು ಜಾಗ ಇದೆ. ಅದರ ಮೇಲೆ ಮುದುಕ ಒಂದೇ ಮಾತು ಬರೆದಿದ್ದಾನೆ. 'ಇನ್ನೂ' ಅಂತ. ಅಂದರೆ, ಈಗಲೇ ಶುರುಮಾಡಬೇಡ, ಇನ್ನೂ ತಡೆ. ಅದನ್ನು ನೋಡಿದಾಗಲೆಲ್ಲ ನಾನು ತಡೆಯುತ್ತೇನೆ. ನೋಡದಿದ್ದರೆ ಹೆದರಿ ಶುರುಮಾಡಿಬಿಡುತ್ತೇನೆ. ನಾನು ಹೆದರುಪುಕ್ಕಲ, ಸೇಸಪ್ಪ. ಇದು ಯಾರಿಗೂ ಹೇಳಬೇಡ."

ಆ ಮಾತಿನ ಆಕಾರ ಸೇಸಪ್ಪನಿಗೆ ಗೊತ್ತಿತ್ತು. ರಷ್ಯದ ಲಿಪಿಯಲ್ಲಿ ಮೂರು ಅಕ್ಷರ. ನಡುವಿನದು ಮೂರು ಹಲ್ಲಿನ ಬಾಚಣಿಗೆಯನ್ನು ಮೇಲಕ್ಕೆ ಮಾಡಿ ಹಿಡಿದು ಅದಕ್ಕೊಂದು ಚಿಕ್ಕ ಬಾಲ ಅಂಟಿಸಿದ ಹಾಗೆ. ಕೊನೆಯದರ ತಲೆಯ ಮೇಲೆ ಎರಡು ಚುಕ್ಕಿ. ಒತ್ತಿ ಬರೆದದ್ದು, ಒಂದು ಸಲಕ್ಕೆ ಹೋಗಿರಲಿಲ್ಲ, ರಬ್ಬರನ್ನು ತಿರುಗಿಸಿ ಚೂಪು ಮೂಲೆಯಿಂದ ಎರಡನೆಯ ಸಲ ಉಜ್ಜಬೇಕಾಗಿತ್ತು. ಹೇಳಿಬಿಡಬೇಕು ಅನಿಸಿತು, ಎದುರಿಗೆ ಲಾರಿ ಬಂತು, ಲಾರಿ ಹೋದ ಮೇಲೆ ಹೇಳುವ ಅನಿಸಿತು, ಇನ್ನೊಂದು ಲಾರಿ ಬಂತು. ಲಾರಿಗಳ ಕೃಪೆಯಿಂದ ಸಿಡ್ನಿ ಮುಟ್ಟಿದರು.

ಇಷ್ಟಕ್ಕೂ ಇದನ್ನು ಶುರುಮಾಡಿದವನು ಜಿಮಿನ್ನನೇ ಅಲ್ಲವೇ. ಕಛೇರಿಯ ದಿನ ಕಂಡಕ್ಟರು ಬರುವ ಮೊದಲು ಅವನ ಪುಸ್ತಕವನ್ನು ಸ್ಟ್ಯಾಂಡಿನ ಮೇಲಿಟ್ಟು ಬರುವುದು ಲೈಬ್ರೇರಿಯನ್ನಿನ ಕೆಲಸ. ಹೋದ ತಿಂಗಳು ಮೆಲ್ಬರ್ನಿನಲ್ಲಿ ಹಾಗೆ ಇಡಲು ಹೋದಾಗ ಮುಂದಿನ ಸಾಲಿನ ಮುದುಕಿಯರು ಕರಿ ಪ್ಯಾಂಟು ಕಂಡು ಇವನೇ ಕಂಡಕ್ಟರೆಂದು ಚಪ್ಪಾಳೆ ತಟ್ಟಿದರು. ಸೇಸಪ್ಪನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮದುವೆಮನೆಯಲ್ಲಿ ಬಡಿಸುವವನ ಹಾಗೆ ತಲೆ ತಗ್ಗಿಸಿ ಓಡಿ ಬಂದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮುಂದಿನ ಬುಧವಾರ ಜಿಮಿನ್ ಎಲ್ಲರೆದುರು ಇವನ ಕೈ ಹಿಡಿದೆಳೆದು ಮಣೆಯ ಮೇಲೆ ನಿಲ್ಲಿಸಿದ. "ನಮ್ಮ ಸೇಸಪ್ಪನ ಜೀವಮಾನದ ಮೊದಲ ಚಪ್ಪಾಳೆ! ಆದರೆ ಇವನಿಗೆ ಬಗ್ಗಲು ಬರುವುದಿಲ್ಲ. ಬಗ್ಗು, ಇನ್ನೂ ಬಗ್ಗು, ಸೊಂಟದಿಂದ." ಕೋಲಿನ ತುದಿಯನ್ನು ಕತ್ತಿನ ಹಿಂಬದಿಗೆ ಒತ್ತಿದ. ಐವತ್ತು ವರ್ಷದ ಗಂಡಸು ಬಗ್ಗಿದ. ಅರವತ್ತು ಮಂದಿ ನಕ್ಕರು. ನಗಲಿ, ಅವರ ಹಲ್ಲು ಅವರೇ ಸರಿಮಾಡಿಕೊಂಡದ್ದು. ಬಗ್ಗಿದಲ್ಲಿಂದಲೇ ಕಣ್ಣು ಹಿಂದಿನ ಸಾಲಿಗೆ ಹೋಯಿತು. ತೃಷಾ ಬಿಲ್ಲನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಅವಳ ಭುಜ ಕುಣಿಯುತ್ತಿತ್ತು. ಆ ದಿನವೇ, ಅಭ್ಯಾಸ ಮುಗಿದ ಮೇಲೆ, ಜಿಮಿನ್ ಮುಗಿದ ಕಛೇರಿಯ ಬಾಡಿಗೆ ಹಾಳೆಗಳಿದ್ದ, ವಾಪಸು ಹೋಗಬೇಕಾದ ಪೆಟ್ಟಿಗೆಯ ಮೇಲೆ ಸಿಡ್ನಿಗೆ ಬೇಕಾದ ತನ್ನ ಪುಸ್ತಕವನ್ನೂ ಧೊಪ್ಪನೆ ಹಾಕಿ, "ಇದರಲ್ಲಿದ್ದದ್ದೆಲ್ಲ ಸೋಮವಾರದೊಳಗೆ ಅಳಿಸಿಬಿಡು," ಎಂದು ಫೋನಿನಲ್ಲಿ ಮಾತಾಡುತ್ತ ಹೊರಟುಹೋದ.

ಕ್ರೇಗಿಬರ್ನಿನ ಊಟದ ಮೇಜು, ಮೂರು ಮಧ್ಯಾಹ್ನ. "ಎಂತ ಮಾರಾಯ್ರೆ, ಮೇಜು ಪೂರ್ತಿ ರಬ್ಬರಿನ ಹೊಟ್ಟು. ಗಂಜಿಯೊಟ್ಟಿಗೆ ಅದನ್ನೇ ಬಡಿಸುವುದಾ?" ಎಂದು ಹೆಂಡತಿ ಪ್ರೇಮಾವತಿ ತಮಾಷೆ ಮಾಡಿದ್ದಳು. ಬಾಡಿಗೆ ಪುಸ್ತಕಕ್ಕೆ ಠಸ್ಸೆ ಇರುತ್ತದೆ. ಇದಕ್ಕೆ ಇರಲಿಲ್ಲ. ಹತ್ತು ಪುಟ ಕೈ ತಾನಾಗಿ ಓಡಿತ್ತು. ಹನ್ನೊಂದರಲ್ಲಿ ಅಂಚಿಗೆ ಚಹಾ ಲೋಟದ ಹಳೆಯ ಉಂಗುರ, ಅದರೊಳಗೆ ಒಂದು ತಾರೀಕು, ಒಂದು ಸಹಿ. ಬಾಡಿಗೆ ಪುಸ್ತಕದಲ್ಲಿ ಯಾರೂ ಸಹಿ ಹಾಕುವುದಿಲ್ಲ. ಸೇಸಪ್ಪ ರಬ್ಬರನ್ನು ಎತ್ತಿ ಹಿಡಿದ. ಗೋಡೆಯಾಚೆ ತೃಷಾ ಯಾರೊಂದಿಗೋ ಫೋನಿನಲ್ಲಿ ನಗುತ್ತಿದ್ದಳು. ಬೇರೆ ಯಾವುದೋ ನಗು ಇರಬಹುದು. ಕತ್ತಿನ ಹಿಂದೆ ಕೋಲಿನ ತುದಿ ಮತ್ತೆ ತಾಗಿತು. ಅವನು ಸಹಿಯನ್ನು ಅಳಿಸಿದ. ಆಮೇಲಿನದ್ದನ್ನು ಅಳಿಸಲು ಮೂರು ದಿನ ಬೇಕಾಯಿತು, ಯಾಕೆಂದರೆ ಭಾಷೆ ಬಾರದಿದ್ದರೂ ಒಂದೊಂದನ್ನೂ ಅಕ್ಷರ ಅಕ್ಷರವಾಗಿ ನೋಡಿ ಅಳಿಸಿದ.

ವೇದಿಕೆಯ ಮೇಲೆ ಅಭ್ಯಾಸ ಮುಗಿಯಿತು. ಮುಗಿಯಿತು ಅಂದರೆ ಬಿಟ್ಟರು. ಮಾರ್ಗರೆಟ್ ದೊಡ್ಡ ದನಿಯಲ್ಲಿ, "ಮಾಸ್ಟ್ರೋಗೆ ಪ್ರಯಾಣದ ಆಯಾಸ, ಸಂಜೆ ನಾವೇ ನೋಡಿಕೊಳ್ಳೋಣ," ಅಂದಳು. ಸಂತಾಪ ಸೂಚಿಸುವ ದನಿ. ಜಿಮಿನ್ ಪುಸ್ತಕವನ್ನು ಸ್ಟ್ಯಾಂಡಿನ ಮೇಲೆಯೇ ಬಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹತ್ತಿರ ಹೋದ ಸೇಸಪ್ಪ ಪುಟ ಮುಚ್ಚಲು ಬಗ್ಗಿದಾಗ ಮೇಲಿನ ಕಿಟಕಿಯ ಬಿಸಿಲು ಅಡ್ಡಕ್ಕೆ ಬಿದ್ದು, ಬಿಳಿ ಜಾಗದಲ್ಲಿ ಒಂದು ತಗ್ಗು ಕಂಡಿತು. ಗೆರೆ ಹೋಗಿತ್ತು, ಒತ್ತು ಹೋಗಿರಲಿಲ್ಲ. ಹದಿನೆಂಟು ವರ್ಷ ಸೀಸದ ಮೊಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಿದ ಕಣ್ಣು. ಅವನು ಪುಸ್ತಕವನ್ನು ಎತ್ತಿಕೊಂಡು ಕಿಟಕಿಯ ಕೆಳಗೆ ನೆಲದಲ್ಲಿ ಕೂತ, ಕಿವಿಯ ಮೇಲಿನ ಪೆನ್ಸಿಲು ತೆಗೆದ.

ತಗ್ಗು ಕಂಡಲ್ಲಿ ತಗ್ಗಿನ ಮೇಲೆಯೇ ಎಳೆದ. ಕಾಣದಲ್ಲಿ ನೆನಪಿನಿಂದ ಎಳೆದ. ನೆನಪು ಎಂಥ ಚಾಕರಿ ಮಾಡಿತು ಅಂದರೆ ಅವನಿಗೇ ಹೇಸಿಗೆಯಾಯಿತು. ಇಲ್ಲಿ ಅಲ್ಪವಿರಾಮದಂಥ ಉಸಿರು, ಇಲ್ಲಿ ಎರಡು ಗೆರೆಯ ಕತ್ತರಿ, ಇಲ್ಲಿ ಯಾವುದನ್ನೋ ಬೈದ ಹಾಗಿರುವ ನಾಲ್ಕು ಅಕ್ಷರ, ಅರ್ಥ ದೇವರಿಗೇ ಗೊತ್ತು. ತೃಷಾ ಒಂದು ಸ್ಯಾಂಡ್‌ವಿಚ್ ತಂದು ಪಕ್ಕದಲ್ಲಿಟ್ಟು ಸ್ವಲ್ಪ ಹೊತ್ತು ನೋಡಿದಳು. "ಹೌ ಡು ಯೂ ರಿಮೆಂಬರ್ ಆಲ್ ದಟ್, ಅಪ್ಪಾ?" ಸೇಸಪ್ಪ ಪುಟ ತಿರುಗಿಸಿದ. ಅವಳ ಕಣ್ಣಲ್ಲಿ ಮೆಚ್ಚುಗೆ ಇತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ. ಅದನ್ನು ಬಾಚಿಕೊಳ್ಳುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ಎರಡು ಗಂಟೆಗೆ ಪ್ರೇಮಾವತಿಯ ಫೋನು. "ಊಟ ಆಯ್ತಾ? ನಿಮ್ಮ ಟಿಕೆಟ್ ಹರಿಯದ ಕಂಡಕ್ಟ್ರು ಹೇಗಿದ್ದಾರೆ?"

"ಇದ್ದಾನೆ."

"ಎಂತ ದನಿ ಇದು? ಮತ್ತೆ ಜಗಳವಾ? ನಿಮ್ಮ ಕೋಪವನ್ನು ವಿಮಾನದಲ್ಲಿ ಬೇರೆಯಾಗಿ ಕಳಿಸಬೇಕಿತ್ತು ಮಾರಾಯ್ರೆ. ತಪ್ಪು ಯಾರದ್ದು?"

"ಪೆಟ್ಟಿಗೆಗೆ ಹಾಕಿದ್ದು ಅವನು."

"ನಾನು ಕೇಳಿದ್ದು ಅದನ್ನಲ್ಲ," ಅಂದಳು ಪ್ರೇಮಾವತಿ. ಅವನು ಫೋನು ಇಟ್ಟ. ತೊಂಬತ್ತನಾಲ್ಕನೆಯ ಪುಟಕ್ಕೆ ಬಂದಿದ್ದ. ಎರಡು ಸಲ ಉಜ್ಜಿದ್ದರಿಂದ ಅಲ್ಲಿ ಕಾಗದ ತೆಳ್ಳಗಾಗಿ ನಾರು ಎದ್ದಿತ್ತು, ತಗ್ಗೂ ಇರಲಿಲ್ಲ. ಬಾಚಣಿಗೆ, ಬಾಲ, ಎರಡು ಚುಕ್ಕಿ. ಬರೆದ.

ಮೂರು ಮುಕ್ಕಾಲಿಗೆ ಕೋಣೆಯ ಬಾಗಿಲು ತಟ್ಟಿದ. ಜಿಮಿನ್ ಬಾಲದ ಕೋಟು ಹಾಕಿ ಕನ್ನಡಿಯ ಮುಂದೆ ಕೂತಿದ್ದ, ಬಲಗೈಯನ್ನು ಮಾತ್ರ ಮೆಲ್ಲಗೆ ಆಡಿಸುತ್ತ. ಸೇಸಪ್ಪ ಪುಸ್ತಕ ಮುಂದಿಟ್ಟ. ಕೃತಜ್ಞತೆ ನಿರೀಕ್ಷಿಸಿದ್ದನೇ? ನಿರೀಕ್ಷಿಸಿದ್ದ, ನಾಲ್ಕು ತಾಸು ನೆಲದಲ್ಲಿ ಕೂತು ಬೆನ್ನು ಮುರಿದಿತ್ತು. ಜಿಮಿನ್ ಮೊದಲ ಪುಟ ತಿರುಗಿಸಿದ, ಎರಡನೆಯದು, ಹತ್ತನೆಯದು. ಮುಖ ಅರಳಿತು, ತುಟಿ ಏನೋ ಎಣಿಸಿತು, ಎಡಗೈ ತಾನಾಗಿ ಎದ್ದು ಗಾಳಿಯಲ್ಲಿ ನಿಂತಿತು. ಎಲ್ಲ ಇತ್ತು. ಬೆರಳು ಓಡಿ ಓಡಿ ತೊಂಬತ್ತನಾಲ್ಕಕ್ಕೆ ಬಂತು, ನಾರೆದ್ದ ಜಾಗವನ್ನು ಸವರಿತು, ಅಲ್ಲಿಯೇ ನಿಂತಿತು. ಅವನು ತಲೆ ಎತ್ತಿ ಕನ್ನಡಿಯೊಳಗಿನಿಂದ ಸೇಸಪ್ಪನನ್ನು ನೋಡಿದ.

"ಒಂದೂ ತಪ್ಪಿಲ್ಲ," ಅಂದ.

"ಇಲ್ಲ."

"ಗೊತ್ತಿಲ್ಲದೆ ಅಳಿಸಿದವನಿಗೆ ಇಷ್ಟು ನೆನಪಿರುವುದಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ಬೆಳಗ್ಗಿನ ಸಿಟ್ಟೇ ವಾಸಿ ಎಂದು ಸೇಸಪ್ಪ ಮನಸ್ಸಿನಲ್ಲೇ ಕೈಮುಗಿದು ಅದನ್ನು ವಾಪಸು ಕೇಳುತ್ತಿದ್ದ. "ಎಷ್ಟನೆಯ ಪುಟದಲ್ಲಿ ಗೊತ್ತಾಯಿತು ನಿನಗೆ?"

ನೀನೇ ಅಲ್ಲವೇ ಪೆಟ್ಟಿಗೆಗೆ ಹಾಕಿದ್ದು, ನೀನೇ ಅಲ್ಲವೇ ಬಗ್ಗಿಸಿದ್ದು, ಎಂಬುದೆಲ್ಲ ನಾಲಿಗೆಯ ಮೇಲೆ ಸಾಲಾಗಿ ನಿಂತಿತ್ತು. ಮೊಟ್ಟೆಯ ಉಪ್ಪೂ ಅಲ್ಲೇ ಇತ್ತು.

"ಹನ್ನೊಂದು."

"ಹನ್ನೊಂದು," ಎಂದು ಜಿಮಿನ್ ತಲೆದೂಗಿದ. "ನೂರಾ ಎಂಬತ್ತರಲ್ಲಿ. ಈಗ ಇದು ನಿನ್ನ ಕೈಯ ಪುಸ್ತಕ, ಮುದುಕನದ್ದಲ್ಲ." ಎದ್ದು ಕೋಟಿನ ಬಾಲ ಸರಿಮಾಡಿಕೊಂಡ. ಕೋಲನ್ನು ಮೇಜಿನ ಮೇಲೆ ಮೊಟ್ಟೆಯ ಡಬ್ಬಿಯ ಪಕ್ಕದಲ್ಲಿಟ್ಟ. "ಹೋಗು, ಪುಸ್ತಕ ಇಟ್ಟು ಬಾ. ಹೊತ್ತಾಯಿತು."

ಸೇಸಪ್ಪ ಹೋದ. ದೀಪಗಳ ಬೆಳಕಿಗೆ ಕಣ್ಣು ಕಿರಿದಾಯಿತು. ಅರವತ್ತು ಮಂದಿಯ ನಡುವೆ ನಡೆದು ಸ್ಟ್ಯಾಂಡಿನ ಮೇಲೆ ಪುಸ್ತಕ ತೆರೆದಿಟ್ಟ, ಮೊದಲ ಪುಟ. ಸಿಡ್ನಿಯ ಮುದುಕಿಯರೂ ಮುದುಕಿಯರೇ. ಮುಂದಿನ ಸಾಲಿನಲ್ಲಿ ನಾಲ್ಕಾರು ಮಂದಿ ಚಪ್ಪಾಳೆ ತಟ್ಟಿದರು, ಹಿಂದಿನವರು ಅವರನ್ನು ನೋಡಿ ತಟ್ಟಿದರು. ಸೇಸಪ್ಪ ನಿಂತ. ಬಗ್ಗಲೇ ಎಂದು ಸೊಂಟ ಕೇಳಿತು, ಕತ್ತಿನ ಹಿಂದೆ ಏನೂ ಇರಲಿಲ್ಲ. ಕಡೆಯ ಕುರ್ಚಿಯಲ್ಲಿ ತೃಷಾ ನಗುತ್ತಿರಲಿಲ್ಲ. ಅವಳು ಇವನ ಹೆಗಲ ಮೇಲಿಂದ ಪರದೆಯ ಕಡೆ ನೋಡುತ್ತಿದ್ದಳು. ಅವನೂ ತಿರುಗಿ ನೋಡಿದ. ಕೋಣೆಯ ಬಾಗಿಲು ತೆರೆದಿತ್ತು, ಅದರಾಚೆ ಕಾರ್ ಪಾರ್ಕಿನ ಬಾಗಿಲೂ ತೆರೆದಿತ್ತು, ಅದರೊಳಗಿಂದ ಸಂಜೆಯ ಬಿಸಿಲು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಭಾನುವಾರದ ಸಾಮಾನು ಚೀಲ ಹಿಡಿದವರ ನಡುವೆ ಬಾಲದ ಕೋಟಿನ ಒಬ್ಬ ಮನುಷ್ಯ ರೈಲು ಸ್ಟೇಷನ್ನಿನ ಕಡೆಗೆ ನಡೆಯುತ್ತಿದ್ದ, ಎಡಗೈಯನ್ನು ಬೆನ್ನಿಗೆ ಕಟ್ಟಿಕೊಂಡು.

ಚಪ್ಪಾಳೆ ತಾನಾಗಿ ನಿಂತಿತು. ಎರಡನೆಯ ಸಾಲಿನಲ್ಲಿ ಕೂತಿದ್ದ ದೊಡ್ಡ ಆರ್ಕೆಸ್ಟ್ರಾದವನು ಗಡಿಯಾರ ನೋಡಿಕೊಂಡ. ಮಾರ್ಗರೆಟ್ ಎದ್ದು ನಿಂತು ಶ್ರುತಿ ಕೊಡುವ ಓಬೋದವನಿಗೆ ಸನ್ನೆ ಮಾಡಿದಳು. ಎಲ್ಲರೂ ಮತ್ತೊಮ್ಮೆ ಶ್ರುತಿ ಮಾಡಿಕೊಂಡರು. ಐದು ನಿಮಿಷ ಕಳೆದು ಇನ್ನೊಮ್ಮೆ ಮಾಡಿಕೊಂಡರು.